ಶಾಲೆಯ ಬಸ್ಸು, ಮದುವೆಯ ದಿಬ್ಬಣ

ಈಗಿನ ಕಾಲದಲ್ಲಿ ಒಂದೇ ಕೆಲಸ ಮಾಡಿಕೊಂಡು ಕೂತಿರುವ ಸಂಸ್ಥೆ ಎಲ್ಲಿದೆ ಹೇಳಿ. ಕಲ್ಯಾಣಮಂಟಪದವರು ಬಸ್‌ಸ್ಟ್ಯಾಂಡಿನಿಂದ ಬೀಗರನ್ನು ಕರೆತರಲು ಒಂದು ವ್ಯಾನು ಇಟ್ಟುಕೊಂಡಿರುತ್ತಾರೆ. ಕಣ್ಣಿನ ಆಸ್ಪತ್ರೆಯವರು ಪೊರೆ ತೆಗೆಸಿಕೊಳ್ಳುವ ಅಜ್ಜ ಅಜ್ಜಿಯರನ್ನು ಹಳ್ಳಿಯಿಂದ ತಾವೇ ಕರೆತಂದು, ಕಪ್ಪು ಕನ್ನಡಕ ಹಾಕಿಸಿ ತಾವೇ ಬಿಟ್ಟು ಬರುತ್ತಾರೆ. ಗಾರ್ಮೆಂಟ್ಸ್ ಕಾರ್ಖಾನೆಯ ಬಸ್ಸು ಬೆಳಗಾಗುವ ಮೊದಲೇ ಬಂದು ಸರ್ಕಲ್ಲಿನಲ್ಲಿ ಹಾರನ್ ಹೊಡೆಯುತ್ತದೆ. ಚಿಕ್ಕಮಗಳೂರಿನ ಕಡೆ ಹೋದರೆ ಹೋಂಸ್ಟೇಯವರು ಊಟ, ಹಾಸಿಗೆಯ ಜೊತೆಗೆ ಗುಡ್ಡ ತೋರಿಸಲು ಜೀಪನ್ನೂ ಹೊರಡಿಸುತ್ತಾರೆ. ಇವರಲ್ಲಿ ಯಾರನ್ನಾದರೂ ಗಾಡಿಯ ಕಾಗದಪತ್ರದ ಬಗ್ಗೆ ಕೇಳಿ ನೋಡಿ. “ನಮ್ಮದೇನು ಟ್ರಾವೆಲ್ಸಾ ಮೇಡಂ? ಇದು ಸುಮ್ಮನೆ ಅನುಕೂಲಕ್ಕೆ ಇಟ್ಟಿರೋದು” ಎನ್ನುತ್ತಾರೆ. ಆ ‘ಸುಮ್ಮನೆ’ ಎಂಬ ಮಾತಿನ ಮೇಲೆ ನನ್ನ ಕಣ್ಣು ಬಿದ್ದದ್ದು ನಮ್ಮ ಶಾಲೆಯ ಬಸ್ಸಿನ ದೆಸೆಯಿಂದ.

ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು. ವಾಹನದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಪಿ.ಟಿ. ಮೇಷ್ಟ್ರು ನಿವೃತ್ತರಾದಾಗ ಆ ಫೈಲು ಯಾರ ತಲೆಗೆ ಎಂಬ ಪ್ರಶ್ನೆ ಬಂತು. “ಪೌರನೀತಿ ಹೇಳೋರು ನೀವೇ ತಾನೇ, ಕಾನೂನು ಗೊತ್ತಿರತ್ತೆ” ಎಂದು ಹೆಡ್‌ಮಿಸ್ಸು ನಗುನಗುತ್ತಾ ನನ್ನ ಮೇಜಿನ ಮೇಲೆ ಅದನ್ನಿಟ್ಟು ಹೋದರು. ಎರಡು ಬಸ್ಸು, ಒಂದು ಸಣ್ಣ ವ್ಯಾನು, ಮೂರು ಜನ ಡ್ರೈವರು, ಇಬ್ಬರು ಆಯಾಗಳು. ಆರ್.ಸಿ., ಎಫ್.ಸಿ., ಪರ್ಮಿಟ್ಟು, ಇನ್ಶೂರೆನ್ಸು, ಹೊಗೆ ತಪಾಸಣೆಯ ಚೀಟಿ. ಒಂದೊಂದರ ಮೇಲೂ ಒಂದೊಂದು ತಾರೀಖು. ಮಕ್ಕಳ ಹುಟ್ಟಿದ ದಿನ ನೆನಪಿಟ್ಟಷ್ಟೇ ಜೋಪಾನವಾಗಿ ಈ ತಾರೀಖುಗಳನ್ನೂ ನೆನಪಿಡಬೇಕೆಂದು ಮೊದಲ ತಿಂಗಳಲ್ಲೇ ತಿಳಿಯಿತು.

ನನಗೆ ಒಂದು ದುರಭ್ಯಾಸವಿದೆ. ಫೈಲು ಬಂದರೆ ಅದರ ಹಿಂದಿರುವ ಪುಸ್ತಕವನ್ನೂ ಹುಡುಕುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ ಶುರುವಿನಲ್ಲಿ ಪದಗಳ ಅರ್ಥ ಹೇಳುವ ಒಂದು ಉದ್ದದ ಕಲಮು ಇದೆ. ಅದನ್ನು ಬೇಸರಪಡದೆ ಓದಿದರೆ ಸ್ವಾರಸ್ಯ ಬಹಳ. ಬಾಡಿಗೆಗೋ ಪ್ರತಿಫಲಕ್ಕೋ ಜನರನ್ನು ಒಯ್ದರೆ ಅದು ‘ಸಾರ್ವಜನಿಕ ಸೇವಾ ವಾಹನ’. ನಮ್ಮ ಟ್ಯಾಕ್ಸಿ, ಮ್ಯಾಕ್ಸಿಕ್ಯಾಬ್, ರೂಟ್ ಬಸ್ಸು ಎಲ್ಲ ಇದರೊಳಗೆ. ಬಾಡಿಗೆ ತೆಗೆದುಕೊಳ್ಳದೆ, ಆದರೆ ತನ್ನ ವ್ಯಾಪಾರ ವ್ಯವಹಾರಕ್ಕಾಗಿ, ಆರಕ್ಕಿಂತ ಹೆಚ್ಚು ಜನ ಹಿಡಿಸುವ ಗಾಡಿಯಲ್ಲಿ ಜನರನ್ನು ಒಯ್ದರೆ ಅದು ‘ಖಾಸಗಿ ಸೇವಾ ವಾಹನ’; ಕಾರ್ಖಾನೆಯ ಬಸ್ಸು ಬರುವುದು ಇಲ್ಲಿ. ಶಾಲೆ ಕಾಲೇಜಿನದಕ್ಕೆ ಬೇರೆಯೇ ಹೆಸರು, ‘ಶಿಕ್ಷಣ ಸಂಸ್ಥೆಯ ಬಸ್ಸು’. ಇಷ್ಟು ಬೇರೆ ಬೇರೆ ಹೆಸರಿಟ್ಟ ಮೇಲೆ ಕಾಯ್ದೆ ಇವೆಲ್ಲವನ್ನೂ ಸರಕು ಲಾರಿಯ ಜೊತೆಗೆ ಒಂದೇ ಚಾಪೆಯ ಮೇಲೆ ಕೂರಿಸುತ್ತದೆ. ಎಲ್ಲವೂ ‘ಸಾರಿಗೆ ವಾಹನ’ಗಳೇ. ಎಲ್ಲಕ್ಕೂ ಪರ್ಮಿಟ್ಟು ಬೇಕು, ಎಲ್ಲಕ್ಕೂ ಎಫ್.ಸಿ. ಬೇಕು.

ಅಂದರೆ ನಿಮ್ಮ ಬೋರ್ಡಿನ ಮೇಲೆ ಶಾಲೆ ಎಂದಿದೆಯೋ ಆಸ್ಪತ್ರೆ ಎಂದಿದೆಯೋ ಕಾಯ್ದೆ ಅಷ್ಟಾಗಿ ನೋಡುವುದಿಲ್ಲ. ಗಾಡಿಯೊಳಗೆ ಯಾರು ಕೂತಿದ್ದಾರೆ, ಯಾವ ಕೆಲಸಕ್ಕೆ ಕೂತಿದ್ದಾರೆ, ಅವರಿಂದ ಏನಾದರೂ ತೆಗೆದುಕೊಂಡಿರಾ, ಇಷ್ಟು ಕೇಳುತ್ತದೆ. ಹೋಂಸ್ಟೇಯ ಜೀಪಿನ ಕಷ್ಟ ಇರುವುದು ಈ ಮೂರನೆಯ ಪ್ರಶ್ನೆಯಲ್ಲಿ. “ಜೀಪಿಗೆ ದುಡ್ಡು ತಗೊಳಲ್ಲ, ರೂಮಿನ ಬಾಡಿಗೆಯಲ್ಲೇ ಸೇರಿಸಿದೀವಿ” ಎನ್ನುತ್ತಾರೆ. ರೂಮಿನ ಬಾಡಿಗೆಯಲ್ಲಿ ಸೇರಿದ ಮೇಲೆ ಅದು ಪುಕ್ಕಟೆ ಹೇಗಾಯಿತು? ಮಸಾಲೆದೋಸೆಯ ಜೊತೆಗೆ ಬರುವ ಚಟ್ನಿಗೆ ಬೇರೆ ಬಿಲ್ಲು ಹಾಕುವುದಿಲ್ಲ ನಿಜ, ಹಾಗೆಂದು ಹೋಟೆಲಿನವರು ಅದನ್ನು ದಾನ ಕೊಟ್ಟ ಹಾಗಾಯಿತೇ?

ಇದರಿಂದ ಏನು ವ್ಯತ್ಯಾಸ ಎನ್ನುತ್ತೀರೇನೋ. ಮನೆಯ ಕಾರಿಗೆ ಬಿಳಿ ಬೋರ್ಡು. ಒಮ್ಮೆ ನೋಂದಣಿಯಾದರೆ ಹದಿನೈದು ವರ್ಷದವರೆಗೆ ಅದರ ಬ್ರೇಕು ಹಿಡಿಯುತ್ತದೆಯೇ ಎಂದು ಆರ್.ಟಿ.ಓ. ಆಫೀಸಿನವರು ಕರೆದು ನೋಡುವುದಿಲ್ಲ. ಹಳದಿ ಬೋರ್ಡಿನ ಸಾರಿಗೆ ವಾಹನ ಹಾಗಲ್ಲ. ಹೊಸದಕ್ಕೆ ಎರಡು ವರ್ಷ, ಆಮೇಲೆ ಎಂಟು ವರ್ಷ ತುಂಬುವವರೆಗೆ ಎರಡೆರಡು ವರ್ಷಕ್ಕೊಮ್ಮೆ, ಅದಾದ ಮೇಲೆ ಪ್ರತಿ ವರ್ಷವೂ ತಪಾಸಣೆಗೆ ನಿಲ್ಲಬೇಕು. ಮಕ್ಕಳನ್ನು ತುಂಬಿಕೊಂಡು ಓಡುವ ಬಿಳಿ ಬೋರ್ಡಿನ ವ್ಯಾನನ್ನು ನೋಡಿದಾಗ ನನಗೆ ಮೊದಲು ಹೊಳೆಯುವುದೇ ಇದು. ಅದರ ಬ್ರೇಕನ್ನು ಡ್ರೈವರು ಬಿಟ್ಟು ಬೇರೆ ಯಾರೂ ಪರೀಕ್ಷೆ ಮಾಡಿಲ್ಲ.

ಕಾಯ್ದೆಯಲ್ಲಿ ‘ಓಮ್ನಿಬಸ್’ ಎಂಬ ಪದವಿದೆ. ಡ್ರೈವರನ್ನು ಬಿಟ್ಟು ಆರಕ್ಕಿಂತ ಹೆಚ್ಚು ಜನರಿಗಾಗಿ ಕಟ್ಟಿದ ಗಾಡಿ ಎಂದು ಅದರ ಅರ್ಥ. ನಮ್ಮ ಬೀದಿಯ ‘ಓಮ್ನಿ’ ಬೇರೆ. 1984ರಲ್ಲಿ ಮಾರುತಿ ವ್ಯಾನ್ ಆಗಿ ಬಂದು, ಆಮೇಲೆ ಓಮ್ನಿಯಾಗಿ, 2019ರಲ್ಲಿ ತಯಾರಿಕೆ ನಿಂತ ಆ ಡಬ್ಬಿಯಂಥ ಗಾಡಿ ನಮ್ಮ ಸಣ್ಣ ಊರುಗಳ ಎಷ್ಟು ಮಕ್ಕಳನ್ನು ಶಾಲೆಗೆ ಮುಟ್ಟಿಸಿತೋ ಲೆಕ್ಕವಿಲ್ಲ. ಹಿಂದೆ ಎದುರುಬದುರು ಹಲಗೆ ಹಾಕಿ, ಮುಂದೆ ಗೇರಿನ ಹತ್ತಿರ ಇಬ್ಬರು, ಬ್ಯಾಗುಗಳು ತಲೆಯ ಮೇಲೆ. 2016ರ ಜೂನ್ 21ರ ಬೆಳಿಗ್ಗೆ ಕುಂದಾಪುರದ ಬಳಿ ತ್ರಾಸಿಯಲ್ಲಿ ಅಂಥದೊಂದು ಓಮ್ನಿಗೂ ಖಾಸಗಿ ಬಸ್ಸಿಗೂ ಡಿಕ್ಕಿಯಾಗಿ ಶಾಲೆಗೆ ಹೊರಟ ಎಂಟು ಮಕ್ಕಳು ಹೋದರು. ಆ ದಿನ ಸ್ಟಾಫ್ ರೂಮಿನಲ್ಲಿ ಯಾರೂ ಡಬ್ಬಿ ಬಿಚ್ಚಲಿಲ್ಲ. ಮರುದಿನದಿಂದ ರಾಜ್ಯದಲ್ಲಿ ಶಾಲಾ ವಾಹನಗಳ ತಪಾಸಣೆಯ ಮಾತು ಜೋರಾಯಿತು. ಸ್ವಲ್ಪ ದಿನ ಜೋರಾಗಿಯೇ ಇತ್ತು.

ನಿಯಮಗಳು ಹೀಗೆಯೇ ಹುಟ್ಟುತ್ತವೆ. 1997ರ ನವೆಂಬರ್ 18ರಂದು ದೆಹಲಿಯ ವಜೀರಾಬಾದ್ ಸೇತುವೆಯಿಂದ ಶಾಲಾ ಬಸ್ಸೊಂದು ಯಮುನೆಗೆ ಬಿದ್ದು 28 ಮಕ್ಕಳು ತೀರಿಕೊಂಡರು. ಎಂ.ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ದೆಹಲಿಯ ರಸ್ತೆಗಳ ವಿಚಾರ ಕೇಳುತ್ತಿದ್ದ ಕಾಲ ಅದು. ಅದೇ ವರ್ಷ ಮುಗಿಯುವುದರೊಳಗೆ ಶಾಲಾ ಬಸ್ಸುಗಳಿಗೆ ಒಂದು ಪಟ್ಟಿ ಬಂತು. ಡ್ರೈವರಿಗೆ ದೊಡ್ಡ ಗಾಡಿ ಓಡಿಸಿ ಐದು ವರ್ಷದ ಅನುಭವ ಬೇಕು. ಕಿಟಕಿಗೆ ಅಡ್ಡಸರಳು, ಬಾಗಿಲಿಗೆ ಭದ್ರವಾದ ಚಿಲಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬೆಂಕಿ ನಂದಿಸುವ ಸಿಲಿಂಡರು, ಮೈಮೇಲೆ ಶಾಲೆಯ ಹೆಸರು ಮತ್ತು ಫೋನ್ ನಂಬರು. ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು ಸಹಾಯಕರು. ಕರ್ನಾಟಕದಲ್ಲಿ 2012ರಲ್ಲಿ ಶಾಲಾ ಮಕ್ಕಳ ವಾಹನಗಳಿಗೆಂದೇ ಪ್ರತ್ಯೇಕ ನಿಯಮಗಳಾದವು. ಹಳದಿ ಬಣ್ಣದ ಹುಟ್ಟು ಮಾತ್ರ ದೂರದ್ದು. 1939ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಶಿಕ್ಷಕರ ಕಾಲೇಜಿನಲ್ಲಿ ಫ್ರಾಂಕ್ ಸೈರ್ ಎಂಬ ಪ್ರಾಧ್ಯಾಪಕರು ಒಂದು ಸಮ್ಮೇಳನ ನಡೆಸಿ, ಮಬ್ಬು ಬೆಳಕಿನಲ್ಲೂ ಕಪ್ಪಕ್ಷರ ಎದ್ದು ಕಾಣುವ ಬಣ್ಣವೆಂದು ಅದನ್ನು ಆರಿಸಿದರಂತೆ. ಮೇಷ್ಟ್ರುಗಳ ಆಯ್ಕೆ ಎಂದು ನನಗೆ ಸ್ವಲ್ಪ ಹೆಮ್ಮೆ.

ಆ ಪಟ್ಟಿಯ ಕೊನೆಯ ‘ಸಹಾಯಕರು’ ಎಂಬ ಮಾತಿನಿಂದಲೇ ನಮ್ಮ ಆಯಮ್ಮನಿಗೆ ಕೆಲಸ ಸಿಕ್ಕಿದ್ದು. ಅದಕ್ಕೂ ಮುಂಚೆ ಆಕೆ ಶಾಲೆಯ ಅಂಗಳ ಗುಡಿಸುತ್ತಿದ್ದರು. ನಿಯಮಕ್ಕೆ ಒಬ್ಬರು ಬೇಕಲ್ಲ ಎಂದು ಆಡಳಿತದವರು ಆಕೆಗೆ ನೀಲಿ ಕೋಟು ಹೊಲಿಸಿ ಬಸ್ಸು ಹತ್ತಿಸಿದರು. ಹನ್ನೊಂದು ವರ್ಷ ಆಕೆ ಆ ಬಾಗಿಲ ಪಕ್ಕದ ಸೀಟಿನಲ್ಲಿ ಕೂತಿದ್ದಾರೆ. ಯಾವ ಮಗುವಿಗೆ ತಿರುವಿನಲ್ಲಿ ವಾಂತಿ ಬರುತ್ತದೆ, ಯಾವ ಮಗುವನ್ನು ಅಜ್ಜಿಯ ಕೈಗೆ ಬಿಟ್ಟು ಬೇರೆಯವರ ಕೈಗೆ ಕೊಡಬಾರದು, ಎಲ್ಲ ಆಕೆಗೆ ಬಾಯಿಪಾಠ. ಹತ್ತಿಸುವಾಗ ಎಣಿಸುತ್ತಾರೆ, ಇಳಿಸುವಾಗ ಎಣಿಸುತ್ತಾರೆ, ಕಡೆಗೆ ಖಾಲಿ ಬಸ್ಸಿನಲ್ಲಿ ಹಿಂದಿನ ಸೀಟಿನವರೆಗೆ ಹೋಗಿ ಬಗ್ಗಿ ನೋಡಿ ಬರುತ್ತಾರೆ. ಈ ಕಡೆಯದನ್ನು ಅವರಿಗೆ ಯಾವ ನಿಯಮವೂ ಹೇಳಿಕೊಟ್ಟದ್ದಲ್ಲ.

2023ರ ಕಾರ್ತಿಕ ಮಾಸ. ಆಯಮ್ಮನ ಮಗಳಿಗೆ ಮದುವೆ ಗೊತ್ತಾಗಿತ್ತು. ಗಂಡಿನ ಊರಿನ ದೇವಸ್ಥಾನದಲ್ಲಿ ಧಾರೆ, ಇಲ್ಲಿಂದ ಅರವತ್ತು ಕಿಲೋಮೀಟರು. ಒಂದು ಸಂಜೆ ಮಕ್ಕಳನ್ನೆಲ್ಲ ಇಳಿಸಿ ಬಂದವರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರು.

“ಮಿಸ್, ಭಾನುವಾರ ಬಸ್ಸು ಸುಮ್ನೆ ನಿಂತಿರತ್ತಲ್ಲ. ಡೀಸೆಲ್ ನಾನೇ ಹಾಕಿಸ್ತೀನಿ. ಡ್ರೈವರಣ್ಣನೂ ಬರ್ತೀನಿ ಅಂದವ್ರೆ. ನಮ್ಮ ಕಡೆಯೋರು ನಲವತ್ತು ಜನ ಆಗ್ಬೋದು.”

ಎಷ್ಟು ನ್ಯಾಯವಾದ ಕೋರಿಕೆ ನೋಡಿ. ಬಾಡಿಗೆ ಇಲ್ಲ, ಲಾಭವಿಲ್ಲ, ನಿಂತ ಬಸ್ಸು, ರಜೆಯ ದಿನ. ಆದರೆ ಶಿಕ್ಷಣ ಸಂಸ್ಥೆಯ ಬಸ್ಸಿನ ಅರ್ಥ ಹೇಳುವ ಆ ಕಲಮಿನಲ್ಲಿ ಒಂದು ಚಿಕ್ಕ ಮಾತಿದೆ, ‘ಕೇವಲ’ ಎಂದು. ಕೇವಲ ಆ ಸಂಸ್ಥೆಯ ವಿದ್ಯಾರ್ಥಿಗಳನ್ನೂ ಸಿಬ್ಬಂದಿಯನ್ನೂ, ಅದೂ ಸಂಸ್ಥೆಯ ಚಟುವಟಿಕೆಗಾಗಿ, ಕರೆದೊಯ್ಯುವ ಬಸ್ಸು. ಆಯಮ್ಮ ಸಿಬ್ಬಂದಿಯೇ ಹೌದು. ಅವರ ಮಗಳ ಮದುವೆ ಶಾಲೆಯ ಚಟುವಟಿಕೆಯಲ್ಲ, ಅವರ ಅಣ್ಣತಮ್ಮಂದಿರು ಸಿಬ್ಬಂದಿಯಲ್ಲ. ಪರ್ಮಿಟ್ಟಿನಲ್ಲಿ ಹೇಳಿದ ಉದ್ದೇಶ ಬಿಟ್ಟು ಗಾಡಿ ಓಡಿಸಿದರೆ 2019ರ ತಿದ್ದುಪಡಿಯ ಪ್ರಕಾರ ಮೊದಲ ಸಲಕ್ಕೆ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ ಎಂದು ಕಾಯ್ದೆಯಲ್ಲೇ ಇದೆ. ದಂಡದ ಮಾತು ಹಾಗಿರಲಿ, ಯಾರಾದರೂ ಕಟ್ಟಿಯಾರು. ನನಗೆ ಭಯವಾದದ್ದು ಇನ್ಶೂರೆನ್ಸಿನ ವಿಚಾರದಲ್ಲಿ. ಸಾರಿಗೆ ವಾಹನವನ್ನು ಪರ್ಮಿಟ್ಟು ಒಪ್ಪದ ಕೆಲಸಕ್ಕೆ ಬಳಸಿದ್ದರೆ ಕಂಪನಿ ಅದನ್ನೇ ಮುಂದಿಟ್ಟುಕೊಂಡು ವಾದಿಸಲು ಕಾಯ್ದೆ ಅವಕಾಶ ಕೊಡುತ್ತದೆ. ಪರ್ಮಿಟ್ಟೇ ಇಲ್ಲದ ಗಾಡಿಯ ಪ್ರಕರಣವೊಂದರಲ್ಲಿ 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು, ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂಬುದನ್ನು. ಪೆಟ್ಟುಬಿದ್ದವರ ಕೈಗೆ ದುಡ್ಡು ಬರುವ ಹೊತ್ತಿಗೆ ಎಷ್ಟು ವರ್ಷ, ಎಷ್ಟು ವಾಯಿದೆ!

ಇದನ್ನೆಲ್ಲ ಆಯಮ್ಮನಿಗೆ ಹೇಗೆ ಹೇಳುವುದು? ಹೇಳಿದೆ. ಆಕೆ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಒಂದೇ ಮಾತು.

“ಸೆಕ್ರೆಟರಿಯವರ ಮೊಮ್ಮಗನ ಮುಂಜಿಗೆ ಹೋಗಿತ್ತಲ್ಲ ಮಿಸ್. ನಾನೇ ಅವತ್ತು ಬಸ್ಸಲ್ಲಿ ಎಲ್ಲರಿಗೂ ನೀರು ಕೊಟ್ಟಿದ್ದು.”

ಹೌದು, ಹೋಗಿತ್ತು. ನಾನು ಫೈಲು ಹಿಡಿಯುವ ಮೊದಲು ಆ ಬಸ್ಸು ಮುಂಜಿಗೆ ಹೋಗಿತ್ತು, ಎರಡು ಮದುವೆಗೆ ಹೋಗಿತ್ತು, ವರ್ಷಕ್ಕೊಮ್ಮೆ ಆಡಳಿತ ಮಂಡಳಿಯವರ ಸಂಸಾರಗಳನ್ನು ತುಂಬಿಕೊಂಡು ಧರ್ಮಸ್ಥಳ, ಹೊರನಾಡು ಸುತ್ತಿ ಬರುತ್ತಿತ್ತು. ಲಾಗ್‌ಬುಕ್ಕಿನಲ್ಲಿ ಆ ದಿನಗಳ ಎದುರಿಗೆ ‘ಸರ್ವಿಸ್ ಸಲುವಾಗಿ’ ಎಂದು ಬರೆದಿತ್ತು. ಇಷ್ಟು ವರ್ಷ ನಿದ್ದೆ ಹೋಗಿದ್ದ ನಿಯಮ ಸರಿಯಾಗಿ ಆಯಮ್ಮನ ಮಗಳ ಮದುವೆಯ ಹೊತ್ತಿಗೆ ಎದ್ದು ಕೂರಬೇಕೇ? ನಮ್ಮಲ್ಲಿ ಕಾನೂನು ಎಚ್ಚರವಾಗುವುದು ಹೆಚ್ಚಾಗಿ ಇಂಥವರು ಬಾಗಿಲಿಗೆ ಬಂದಾಗಲೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೊಡಬಾರದು ಎಂಬುದರಲ್ಲಿ ಅನುಮಾನವಿರಲಿಲ್ಲ. ಆಕೆಗೆ ಮಾತ್ರ ಕೊಡದೆ ಇರುವುದು ಹೇಗೆ ಎಂಬುದು ಬಗೆಹರಿಯಲಿಲ್ಲ.

ಆ ವಾರ ಮೀಟಿಂಗ್ ಇತ್ತು. ಸೆಕ್ರೆಟರಿಯವರು ವಯಸ್ಸಿನಲ್ಲೂ ಹಣದಲ್ಲೂ ದೊಡ್ಡವರು, ಮನಸ್ಸಿನಲ್ಲಿ ಕೆಟ್ಟವರಲ್ಲ. ವಿಷಯ ಹೇಳಿದ ತಕ್ಷಣ “ಬೇಡ ಅಂತ ಬರೆದುಬಿಡಿ ಮೇಡಂ, ನಿಯಮ ನಿಯಮವೇ” ಎಂದರು.

“ಬರೀತೀನಿ ಸರ್. ಇನ್ನು ಮುಂದೆ ಯಾರ ಖಾಸಗಿ ಕೆಲಸಕ್ಕೂ ಬಸ್ಸು ಕೊಡುವುದಿಲ್ಲ ಅಂತ ಬರೀತೀನಿ.”

“ಯಾರ... ಅಂದ್ರೆ? ಮಾಘದಲ್ಲಿ ನಾವು ದೇವಸ್ಥಾನಕ್ಕೆ ಹೋಗೋದು ಬೇರೆ ಅಲ್ವಾ? ಅದು ಸಂಸ್ಥೆಯ ಹಿತಕ್ಕೆ.”

“ಕಾಯ್ದೆಯಲ್ಲಿ ಹಾಗೆ ಇದ್ದರೆ ತೋರಿಸಿಬಿಡಿ ಸರ್, ಅದನ್ನೂ ಬರ್ಕೊಳ್ತೀನಿ.”

ಅವರಿಗೆ ಸಿಟ್ಟು ಬಂತು. “ಹಾಗಾದ್ರೆ ಮೇ ತಿಂಗಳಲ್ಲಿ ಎಲೆಕ್ಷನ್ನಿಗೆ ಅಂತ ಡಿ.ಸಿ. ಆಫೀಸಿನವರು ಬಸ್ಸು ತಗೊಂಡು ಹೋದ್ರಲ್ಲ, ಅದು ಶಾಲೆ ಚಟುವಟಿಕೆನಾ?” ಎಂದರು. ಒಳ್ಳೆಯ ಪ್ರಶ್ನೆಯೇ. ಅದಕ್ಕೂ ಒಂದು ಕಾಯ್ದೆಯಿದೆ, 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆ. ಅದರ 160ನೇ ಕಲಮಿನ ಪ್ರಕಾರ ಚುನಾವಣೆಯ ಕೆಲಸಕ್ಕೆ ಸರ್ಕಾರ ಆದೇಶ ಹೊರಡಿಸಿ ವಾಹನ ತೆಗೆದುಕೊಳ್ಳಬಹುದು. ಇದನ್ನು ಹತ್ತನೇ ಕ್ಲಾಸಿಗೆ ಪಾಠ ಹೇಳುವ ಧಾಟಿಯಲ್ಲೇ ಹೇಳಿದೆ ಅಂತ ಕಾಣುತ್ತದೆ. ಪಕ್ಕದಲ್ಲಿ ಕೂತಿದ್ದ ಹೆಡ್‌ಮಿಸ್ಸು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಫ್ಯಾನು ತಿರುಗುತ್ತಿತ್ತು. ಕಡೆಗೆ ಸೆಕ್ರೆಟರಿಯವರು ನಡವಳಿ ಪುಸ್ತಕ ಎಳೆದುಕೊಂಡು ರುಜು ಹಾಕಿದರು. ಆ ವರ್ಷದ ಮಾಘಕ್ಕೆ ಅವರು ಹಳದಿ ಬೋರ್ಡಿನ ಬಸ್ಸು ಬಾಡಿಗೆಗೆ ಹಿಡಿದು ದೇವಸ್ಥಾನಕ್ಕೆ ಹೋದರು. ನನ್ನ ಜೊತೆ ಮೊದಲಿನಂತೆ ಮಾತಾಡಲು ಯುಗಾದಿಯವರೆಗೆ ಹಿಡಿಯಿತು.

ಇತ್ತ ಆಯಮ್ಮನ ತಮ್ಮ ಬೇರೆ ದಾರಿ ಹುಡುಕಿದ್ದ. ಅವನ ಹತ್ತಿರ ತರಕಾರಿ ಹೊಡೆಯುವ ಟಾಟಾ ಏಸ್ ಇದೆ. “ಹಿಂದೆ ಜಮಖಾನ ಹಾಸಿ ಕೂರಿಸ್ಕೊಂಡು ಹೋಗ್ತೀನಿ, ಎರಡು ಟ್ರಿಪ್ಪು ಹೊಡೆದರೆ ಆಯ್ತು” ಎಂದಿದ್ದ. ನಮ್ಮ ಕಡೆ ದಿಬ್ಬಣಗಳು ಹೀಗೆ ಎಷ್ಟು ಹೋಗಿಲ್ಲ! ಆದರೆ ಇದು ಬಸ್ಸಿಗಿಂತ ಕಷ್ಟ. ಸರಕಿನ ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ಇನ್ಶೂರೆನ್ಸ್ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿಬಿಟ್ಟಿದೆ. 1994ರ ತಿದ್ದುಪಡಿಯಿಂದ ಸರಕಿನ ಮಾಲೀಕನಿಗೋ ಅವನ ಪ್ರತಿನಿಧಿಗೋ ರಕ್ಷಣೆ ಸಿಕ್ಕಿತು, ಅಷ್ಟೇ. “ಅಂದ್ರೆ ಟೊಮೇಟೊ ಜೊತೆ ಟೊಮೇಟೊ ಯಜಮಾನ ಹೋಗಬಹುದು, ಮದುಮಗಳ ಜೊತೆ ಚಿಕ್ಕಮ್ಮ ಹೋಗಂಗಿಲ್ಲ” ಎಂದ ಆ ತಮ್ಮ. ಕಾನೂನನ್ನು ಇಷ್ಟು ಚೊಕ್ಕವಾಗಿ ನಮ್ಮ ವಕೀಲರೂ ಹೇಳಲಾರರು.

ದುಡ್ಡಿನದೇ ತೊಡಕು. ಸರ್ಕಾರಿ ಬಸ್ಸನ್ನೇ ಒಪ್ಪಂದದ ಮೇಲೆ ಗೊತ್ತು ಮಾಡೋಣವೆಂದರೆ ಆಕೆಯ ಕೈಗೆ ನಿಲುಕುವಂತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಕೂತು ಲೆಕ್ಕ ಹಾಕಿದೆವು. ಉಡುಗೊರೆಗೆಂದು ಎತ್ತಿದ್ದ ಹಣದಲ್ಲಿ ಹಿತ್ತಾಳೆ ದೀಪದ ಬದಲು ಗಾಡಿಯೇ ಆಗಲಿ ಎಂದಿತು ಹೊಲಿಗೆ ಟೀಚರು. ಉಪಾಯ ಹೇಳಿದ್ದೂ ಅವರೇ. ಆ ವರ್ಷದ ಜೂನ್ 11ರಿಂದ ಶಕ್ತಿ ಯೋಜನೆ ಬಂದಿತ್ತಲ್ಲ. ಹೆಂಗಸರಿಗೆಲ್ಲ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. “ಹೆಂಗಸರು ಆಧಾರ್ ಕಾರ್ಡು ಹಿಡ್ಕೊಂಡು ಬೆಳಗಿನ ಕೆಂಪು ಬಸ್ಸಿಗೆ ಹತ್ತಲಿ. ಮದುಮಗಳು, ವಯಸ್ಸಾದೋರು, ಸಾಮಾನು ಟಿ.ಟಿ.ಯಲ್ಲಿ ಬರಲಿ. ಹುಡುಗರು ಬೈಕು ತಗೊಳ್ಳಲಿ.” ಹಾಗೆಯೇ ಮಾಡಿದ್ದಾಯಿತು. ಹನ್ನೆರಡು ಸೀಟಿನ ಟೆಂಪೋ ಟ್ರಾವೆಲರ್, ಹಳದಿ ಬೋರ್ಡು, ಪರ್ಮಿಟ್ಟು ಸರಿಯಾಗಿದ್ದದ್ದು. ಕಾಗದಗಳನ್ನು ನಾನೇ ನೋಡಿದೆ, ಆ ಮಾಲೀಕ “ಆರ್.ಟಿ.ಓ. ಆಫೀಸಿನಿಂದ ಬಂದಿದೀರಾ ಮೇಡಂ?” ಎಂದು ಕೇಳಿದ.

ಆದರೂ ಆಯಮ್ಮ ನನ್ನ ಜೊತೆ ನಾಲ್ಕೈದು ದಿನ ಮಾತು ಕಡಿಮೆ ಮಾಡಿದ್ದರು. ಬೇಸರ ಇರಬಾರದು ಎನ್ನಲು ನಾನು ಯಾರು? ತನ್ನದೇ ಬಸ್ಸು ಎಂದುಕೊಂಡಿದ್ದರು ಪಾಪ. ಹನ್ನೊಂದು ವರ್ಷ ಒರೆಸಿ ತೊಳೆದವರು.

ಮದುವೆಯ ದಿನ ಬೆಳಿಗ್ಗೆ ಆರಕ್ಕೆ ನಾವು ಮೂವರು ಟೀಚರುಗಳು ಅವರ ಮನೆಯ ಮುಂದೆ ಹೋಗಿ ನಿಂತಾಗ ಗಲಾಟೆಯೋ ಗಲಾಟೆ. ಹೆಂಗಸರ ತಂಡ ಆಗಲೇ ಬಸ್‌ಸ್ಟ್ಯಾಂಡಿಗೆ ಹೊರಟಿತ್ತು. ಟಿ.ಟಿ.ಯೊಳಗೆ ಯಾರು ಯಾರೋ ನುಗ್ಗಿದ್ದರು, ತೊಡೆಯ ಮೇಲೊಬ್ಬರು, ಕಾಲ ಬಳಿ ಒಬ್ಬರು. ಡ್ರೈವರು ಏನೂ ಅನ್ನದೆ ಬೀಡಿ ಸೇದುತ್ತಿದ್ದ. ಹೆಚ್ಚಿಗೆ ಕೂರಿಸಿದರೆ ತಲೆಗೆ ಇನ್ನೂರು ರೂಪಾಯಿ ದಂಡ, ಇಳಿಸಿ ಅವರಿಗೆ ಬೇರೆ ಗಾಡಿ ಗೊತ್ತು ಮಾಡುವವರೆಗೆ ಗಾಡಿ ಕದಲುವಂತಿಲ್ಲ ಎಂದು 2019ರಿಂದ ಕಾಯ್ದೆಯಲ್ಲಿದೆ. ಹೇಳೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮದುವೆ ಮನೆಯ ಒಡತಿ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಿಗೆ ಬಂದರು. ದಿನಾ ನಮ್ಮ ಬಸ್ಸಿನ ಮೆಟ್ಟಿಲ ಮೇಲೆ ನಿಲ್ಲುವ ಹಾಗೆಯೇ ನಿಂತು, ಬೆರಳೆತ್ತಿ ತಲೆ ಎಣಿಸತೊಡಗಿದರು. ಹದಿನೈದು.

“ಹನ್ನೆರಡೇ ಸೀಟು ಇರೋದು. ಮೂರು ಜನ ಇಳೀರಿ.”

“ಅಕ್ಕಾ, ಮದ್ವೆ ದಿನ ಕಣಕ್ಕ” ಎಂದ ಏಸ್ ಗಾಡಿಯ ತಮ್ಮ, ಒಳಗಿನಿಂದಲೇ.

“ನೀನೇ ಮೊದ್ಲು ಇಳಿ.”

ಅವನೂ ಇನ್ನಿಬ್ಬರು ಹುಡುಗರೂ ಗೊಣಗುತ್ತಾ ಇಳಿದರು. ಒಬ್ಬ ಬೈಕಿನ ಹಿಂದೆ ಹತ್ತಿದ, ಇನ್ನಿಬ್ಬರು ಟಿಕೆಟ್ಟಿಗೆ ಚಿಲ್ಲರೆ ಹುಡುಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಓಡಿದರು. ಆಯಮ್ಮ ಮತ್ತೊಮ್ಮೆ ಎಣಿಸಿ, ಬಾಗಿಲು ಎಳೆದು, ಡ್ರೈವರಿಗೆ ಕೇಳಿಸುವಂತೆ ಗಾಡಿಯ ಮೈಗೆ ಎರಡು ಸಲ ತಟ್ಟಿದರು.